ಮದುವೆ ಫೋಟೋ ತೆಗೆಯುವಾಗ ಬಾಯಿ ಅಲ್ಲ, ಕೆನ್ನೆ ನೋಡಿ

ಹಾಸನದ ಯಾವ ಕಲ್ಯಾಣ ಮಂಟಪಕ್ಕೆ ಹೋದರೂ ಆರತಕ್ಷತೆಯಲ್ಲಿ ಒಂದೇ ಕೂಗು: "ಸ್ವಲ್ಪ ನಗಿ ಸರ್, ಮೇಡಂ ಸ್ಮೈಲ್." ಗಂಡು ಹೆಣ್ಣು ಇಬ್ಬರೂ ಹಲ್ಲು ಬಿಡುತ್ತಾರೆ. ಆಲ್ಬಮ್ ಬಂದಾಗ ನೋಡಿದರೆ ಬಾಯಿ ಮಾತ್ರ ನಗುತ್ತಿರುತ್ತದೆ, ಕೆನ್ನೆ ಮಲಗಿರುತ್ತದೆ.

ಕಾರಣ ಸರಳ. ಕೆನ್ನೆಮೂಳೆಯಿಂದ ಬಾಯಿಯ ತುದಿಗೆ ಒಂದು ಸ್ನಾಯು ಇಳಿಯುತ್ತದೆ, ಅದನ್ನು ಬೇಕಾದಾಗ ಎಳೆಯಬಹುದು. ಕಣ್ಣಿನ ಸುತ್ತ ಇರುವ ಸ್ನಾಯು ಅಷ್ಟು ಸುಲಭವಾಗಿ ಮಾತು ಕೇಳುವುದಿಲ್ಲ. ಅದು ಬಿಗಿಯಾದಾಗಲೇ ಕೆನ್ನೆ ಮೇಲೇರಿ ಕಣ್ಣು ಕಿರಿದಾಗುವುದು. ಫ್ರಾನ್ಸಿನ ವೈದ್ಯ ದುಶೆನ್ ಮುಖದ ಸ್ನಾಯುಗಳಿಗೆ ವಿದ್ಯುತ್ ಹರಿಸಿ ನೋಡಿ 1862ರಲ್ಲೇ ಇದನ್ನು ಬರೆದಿಟ್ಟ. ಕೆಲವರು ಅದನ್ನೂ ಬೇಕಂತಲೇ ಮಾಡಬಲ್ಲರು, ಆದರೆ ಮೂರು ಗಂಟೆ ನಿಂತು ಕಾಲು ನೋಯುತ್ತಿರುವ ಮದುಮಗನಿಂದ ಅದನ್ನು ಕೇಳಬೇಡಿ.

ಹಾಗಾಗಿ "ನಗಿ" ಅನ್ನಬೇಡಿ. ಮೊದಲು ಇಬ್ಬರಿಗೂ ಕೆನ್ನೆ ತುಂಬ ಗಾಳಿ ತುಂಬಿಕೊಂಡು ಫುಸ್ ಅಂತ ಬಿಡಲು ಹೇಳಿ. ದವಡೆಯ ಬಿಗಿ ಸಡಿಲವಾಗುತ್ತದೆ, ಒಬ್ಬರ ಮುಖ ಇನ್ನೊಬ್ಬರು ನೋಡಿದರೆ ನಗುವೂ ತಾನಾಗಿ ಬರುತ್ತದೆ. ಜೋರು ನಗು ಬಂದ ಕೂಡಲೇ ಕ್ಲಿಕ್ ಮಾಡಬೇಡಿ, ಕಾಯಿರಿ. ನಗು ಇಳಿಯತೊಡಗಿ ಬಾಯಿ ಮುಚ್ಚುವ ಹೊತ್ತಿಗೂ ಕೆನ್ನೆ ಇನ್ನೂ ಮೇಲೇ ಇರುತ್ತದಲ್ಲ, ನನಗೆ ಇಡೀ ಮದುವೆಯಲ್ಲಿ ಬೇಕಾಗುವುದು ಆ ಕ್ಷಣ ಒಂದೇ.

ಇನ್ನು ಬೆಳಕು. ಮಧ್ಯಾಹ್ನದ ಬಿಸಿಲಲ್ಲಿ ಅಥವಾ ನೆತ್ತಿಯ ಮೇಲಿನ ಲೈಟಿನ ಕೆಳಗೆ ನಿಲ್ಲಿಸಿದರೆ ಕಣ್ಣು ಗುಳಿಬಿದ್ದಂತೆ ಕಾಣುತ್ತದೆ, ಕೆನ್ನೆ ಸೊರಗುತ್ತದೆ. ಕಿಟಕಿಯ ಪಕ್ಕ ನಿಲ್ಲಿಸಿ, ಮುಖ ಸ್ವಲ್ಪ ಓರೆ ಮಾಡಿಸಿ. ಗುಳಿಕೆನ್ನೆ ಇದ್ದವರಿಗಂತೂ ಪಕ್ಕದ ಬೆಳಕೇ ಬೇಕು, ಎದುರಿನಿಂದ ಫ್ಲಾಶ್ ಹೊಡೆದರೆ ಗುಳಿಯೇ ಮಾಯ. ಚಿಕ್ಕಮಗಳೂರು ಕಡೆ ಮೋಡ ಕವಿದ ದಿನ ಮದುವೆಯಾದರೆ ಬೇಜಾರು ಪಡಬೇಡಿ, ಅದಕ್ಕಿಂತ ಮೆತ್ತಗಿನ ಬೆಳಕು ಯಾವ ಸ್ಟುಡಿಯೋದಲ್ಲೂ ಸಿಗಲ್ಲ. ಕೈ ಪಳಗಿಸಬೇಕಾದರೆ ಬೇಲೂರಿಗೆ ಹೋಗಿ. ವಿಷ್ಣುವರ್ಧನನ ಕಾಲದ, 1117ರ ಚೆನ್ನಕೇಶವ ದೇವಾಲಯದ ದರ್ಪಣ ಸುಂದರಿಯನ್ನು ಬೆಳಿಗ್ಗೆ ಒಮ್ಮೆ, ನಡು ಮಧ್ಯಾಹ್ನ ಒಮ್ಮೆ ತೆಗೆಯಿರಿ. ಕೆನ್ನೆಯ ಉಬ್ಬು ಹೇಗೆ ಬದಲಾಗುತ್ತದೆ ಅಂತ ಪಕ್ಕಪಕ್ಕ ಇಟ್ಟು ನೋಡಿ. ಕಲ್ಲಿನ ಹುಡುಗಿ ಅಲುಗಾಡುವುದಿಲ್ಲ, ದುಡ್ಡೂ ಕೇಳುವುದಿಲ್ಲ!

ಫೋನಿನಲ್ಲಿ ತೆಗೆಯುವವರು ಮುಖಕ್ಕೆ ತೀರಾ ಹತ್ತಿರ ಹೋಗಬೇಡಿ, ಮೂಗು ದೊಡ್ಡದಾಗಿ ಕೆನ್ನೆ ಹಿಂದಕ್ಕೆ ಸರಿಯುತ್ತದೆ. ಎರಡು ಹೆಜ್ಜೆ ಹಿಂದೆ ಬಂದು ಜೂಮ್ ಮಾಡಿ. ಬ್ಯೂಟಿ ಫಿಲ್ಟರ್ ಆಫ್.

ಮೇಕಪ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ನಾಚಿದಾಗ ಕೆನ್ನೆಯ ರಕ್ತನಾಳಗಳು ಹಿಗ್ಗಿ ಕೆಂಪೇರುತ್ತದೆ, ಬ್ಲಶ್ ಹಚ್ಚುವುದು ಅದನ್ನೇ ನೆನಪಿಸಲು. ನಮ್ಮ ಕಂದು ಬಣ್ಣದ ಚರ್ಮಕ್ಕೆ ತಿಳಿ ಗುಲಾಬಿ ಹಚ್ಚಿದರೆ ಬೂದಿ ಬಳಿದಂತೆ ಕಾಣುತ್ತದೆ, ಇಟ್ಟಿಗೆ ಕೆಂಪು ಚೆಂದ. ಡಿಸೆಂಬರ್ ಚಳಿಗೆ ಕೆನ್ನೆ ಒಡೆದಿದ್ದರೆ ಹಿಂದಿನ ರಾತ್ರಿಯೇ ಕೊಬ್ಬರಿ ಎಣ್ಣೆ ಹಚ್ಚಲಿ, ಬೆಳಿಗ್ಗೆ ಹಚ್ಚಿದರೆ ಫೋಟೋದಲ್ಲಿ ಬರೀ ಮಿಂಚು.

ಕೊನೆಗೆ, ಹೆಣ್ಣಿನ ಕೆನ್ನೆಗೆ ಇಟ್ಟ ದೃಷ್ಟಿಬೊಟ್ಟು. ಎಡಿಟ್ ಮಾಡುವವರು ಅದನ್ನು ಕಲೆ ಅಂದುಕೊಂಡು ಅಳಿಸಿಬಿಡುತ್ತಾರೆ. ಮೊದಲೇ ಹೇಳಿಡಿ, ಇಲ್ಲವಾದರೆ ಆಲ್ಬಮ್ ನೋಡಿ ಅಜ್ಜಿ ಕೇಳುವ ಪ್ರಶ್ನೆಗೆ ನೀವೇ ಉತ್ತರ ಕೊಡಬೇಕಾಗುತ್ತದೆ.