ಕಾಗದದ ಲೋಟಗಳಿಂದ ಪ್ರತಿಷ್ಠಾಪನಾ ಕಲಾಕೃತಿ ರಚಿಸುವ ಕ್ರಮ

ಅಮೆರಿಕದ ಕಲಾವಿದೆ ತಾರಾ ಡೊನೊವನ್ 2006ರಲ್ಲಿ ಪ್ಲಾಸ್ಟಿಕ್ ಲೋಟಗಳನ್ನು ಪೇರಿಸಿ ಅಲೆಯಾಕಾರದ ಭೂದೃಶ್ಯವನ್ನು ಪ್ರತಿಷ್ಠಾಪನಾ ಕಲಾಕೃತಿಯಾಗಿ, ಅಂದರೆ ಒಂದು ಜಾಗದಲ್ಲೇ ವಸ್ತುಗಳನ್ನು ಜೋಡಿಸಿ ರೂಪಿಸುವ ಕಲಾಕೃತಿಯಾಗಿ (ಇನ್‌ಸ್ಟಾಲೇಶನ್) ನಿರ್ಮಿಸಿದ್ದರು. ಮೈಸೂರಿನ ಸಂತೆಪೇಟೆಯಲ್ಲಿ ಸಗಟಾಗಿ ಕೊಂಡ ಕಾಗದದ ಲೋಟಗಳಿಂದ ಅದೇ ವಿಧಾನವನ್ನು ಸಣ್ಣ ಪ್ರಮಾಣದಲ್ಲಿ ಅನುಸರಿಸಬಹುದು.

ಲೋಟಗಳೆಲ್ಲ ಒಂದೇ ಅಳತೆಯ ಅಚ್ಚ ಬಿಳಿಯವಾಗಿರಬೇಕು. ಹೂಬಳ್ಳಿ ಮುದ್ರಿಸಿದವು ಎಷ್ಟೇ ಅಗ್ಗವಾದರೂ ಬೇಡ, ಏಕೆಂದರೆ ನೋಡುವವರಿಗೆ ಅಲೆಯ ಬದಲು ಬಳ್ಳಿಯೇ ಕಾಣುತ್ತದೆ. ನೆಲದ ಮೇಲೆ ಸೀಮೆಸುಣ್ಣದಿಂದ ಚೌಕಗಳನ್ನು ಎಳೆದು, ಯಾವ ಚೌಕದಲ್ಲಿ ಎಷ್ಟು ಲೋಟಗಳ ಗೋಪುರ ನಿಲ್ಲಬೇಕೆಂಬುದನ್ನು ಮೊದಲೇ ಗುರುತಿಸಿಕೊಂಡು, ಬೋರಲಾಗಿ ಒಂದರ ಮೇಲೊಂದು ತೊಡಿಸಿದ ಲೋಟಗಳನ್ನು ಮೂಲೆಯಿಂದ ಬಾಗಿಲ ಕಡೆಗೆ ಹಿಂದೆ ಸರಿಯುತ್ತ ಜೋಡಿಸಬೇಕು. ಅಕ್ಕಪಕ್ಕದ ಗೋಪುರಗಳ ನಡುವೆ ಒಂದೆರಡು ಲೋಟಗಳಷ್ಟೇ ವ್ಯತ್ಯಾಸವಿದ್ದರೆ ಏರಿಳಿತ ನಯವಾಗುತ್ತದೆ. ಫ್ಯಾನ್ ಆರಿಸಿರುವುದು ಕಡ್ಡಾಯ. ಕೊನೆಗೆ ಚಾವಣಿಯ ದೀಪವನ್ನೂ ಆರಿಸಿ, ಒಂದು ಪಕ್ಕದಿಂದ ನೆಲಮಟ್ಟದಲ್ಲಿ ಬೆಳಕು ಹಾಯಿಸಿದರೆ ತಗ್ಗುದಿಬ್ಬಗಳು ಸ್ಪಷ್ಟವಾಗಿ ತೋರುತ್ತವೆ.