ಜೋ ಮೆಕ್‌ಡೊನಾ ಕಪ್: ಐರ್ಲೆಂಡಿನ ಎರಡನೇ ದರ್ಜೆಯ ಹರ್ಲಿಂಗ್ ಸೀಸನ್ ನೋಡುವುದು ಹೇಗೆ

ಐರ್ಲೆಂಡಿನಲ್ಲಿರುವ ಕನ್ನಡಿಗರಿಗೆ ಹರ್ಲಿಂಗ್ (ಕೋಲು-ಚೆಂಡಿನ ಐರಿಶ್ ಆಟ) ಎಂದರೆ ಹೆಚ್ಚಾಗಿ ಟಿವಿಯಲ್ಲಿ ಕಾಣುವ ಲಿಮರಿಕ್, ಕಾರ್ಕ್, ಕಿಲ್ಕೆನಿ ತಂಡಗಳು. ಆದರೆ ನ್ಯೂಬ್ರಿಜ್, ಪೋರ್ಟ್‌ಲೀಶ್, ಕಾರ್ಲೋ, ಟ್ರಲೀ ಇಂಥ ಊರುಗಳಲ್ಲಿ ಮನೆ ಮಾಡಿದವರ ಸ್ವಂತ ಕೌಂಟಿ ಆ ಸಾಲಿನಲ್ಲಿ ಸಿಗುವುದು ಅಪರೂಪ. ಅದು ಹಲವು ವರ್ಷ ಆಡಿರುವುದು ಒಂದು ಮೆಟ್ಟಿಲು ಕೆಳಗೆ, ಜೋ ಮೆಕ್‌ಡೊನಾ ಕಪ್‌ನಲ್ಲಿ. ಹೊಸಬರು ಆಟ ಕಲಿಯಲು ಇದಕ್ಕಿಂತ ಒಳ್ಳೆಯ ಜಾಗವಿಲ್ಲ. ಮೈದಾನ ಹತ್ತಿರ, ಜನ ಹಿತಮಿತ, ಪ್ರತಿ ಪಂದ್ಯದ ಫಲಿತಾಂಶಕ್ಕೂ ಬೆಲೆ ಇದೆ.

ಅಂತರ-ಕೌಂಟಿ ಹರ್ಲಿಂಗ್‌ನಲ್ಲಿ ಐದು ದರ್ಜೆಗಳಿವೆ. ಎಲ್ಲಕ್ಕಿಂತ ಮೇಲೆ ಲಿಯಂ ಮೆಕಾರ್ಥಿ ಕಪ್. ಅದರ ಕೆಳಗೆ ಕ್ರಮವಾಗಿ ಜೋ ಮೆಕ್‌ಡೊನಾ, ಕ್ರಿಸ್ಟಿ ರಿಂಗ್, ನಿಕಿ ರಾಕಾರ್ಡ್, ಲೋರಿ ಮಾರ್ ಕಪ್‌ಗಳು. ರಣಜಿಯ ಎಲೀಟ್ ಮತ್ತು ಪ್ಲೇಟ್ ಗುಂಪುಗಳನ್ನು ಬಲ್ಲವರಿಗೆ ಈ ಏರಿಳಿತ ತಕ್ಷಣ ಅರ್ಥವಾಗುತ್ತದೆ. ಎರಡನೇ ದರ್ಜೆ ಈ ರೂಪದಲ್ಲಿ ಶುರುವಾದದ್ದು 2018ರಲ್ಲಿ. ಗಾಲ್ವೇ ಪರ ಆಡಿ, 1997ರಿಂದ 2000ದವರೆಗೆ ಹರ್ಲಿಂಗ್ ನಡೆಸುವ ಸಂಸ್ಥೆ ಜಿಎಎಯ ಅಧ್ಯಕ್ಷರಾಗಿದ್ದು, 2016ರಲ್ಲಿ ತೀರಿಕೊಂಡ ಜೋ ಮೆಕ್‌ಡೊನಾ ಅವರ ಹೆಸರು ಇದಕ್ಕಿದೆ.

2025ರ ಸೀಸನ್ನನ್ನೇ ತೆಗೆದುಕೊಳ್ಳೋಣ. ಆರು ತಂಡಗಳು: ಕಾರ್ಲೋ, ಡೌನ್, ಕೆರಿ, ಕಿಲ್ಡೇರ್, ಲೀಶ್, ವೆಸ್ಟ್‌ಮೀತ್. ಏಪ್ರಿಲ್–ಮೇ ತಿಂಗಳಲ್ಲಿ ಪ್ರತಿ ತಂಡವೂ ಉಳಿದ ಐದರೊಂದಿಗೆ ಒಂದೊಂದು ಸಲ ಆಡುತ್ತದೆ. ಹಾಗಾಗಿ ಕೆಲವರಿಗೆ ಮೂರು ಪಂದ್ಯ ತವರಿನಲ್ಲಿ, ಕೆಲವರಿಗೆ ಎರಡೇ. ಇದು ಸಣ್ಣ ವಿಷಯವಲ್ಲ, ಎರಡೇ ತವರು ಪಂದ್ಯ ಸಿಕ್ಕ ತಂಡಕ್ಕೆ ಒಂದು ಸೋಲಿನಿಂದ ಚೇತರಿಸಿಕೊಳ್ಳುವುದೇ ಕಷ್ಟ. ಗೆಲುವಿಗೆ ಎರಡು ಅಂಕ, ಡ್ರಾಗೆ ಒಂದು. ಮೊದಲ ಎರಡು ತಂಡಗಳು ಫೈನಲ್‌ಗೆ, ಕೊನೆಯದು ಕ್ರಿಸ್ಟಿ ರಿಂಗ್‌ಗೆ.

ಅಂಕ ಸಮವಾದಾಗಲೇ ಹೊಸಬರು ಲೆಕ್ಕ ತಪ್ಪುವುದು. ಎರಡೇ ತಂಡ ಸಮವಾಗಿದ್ದರೆ ಅವೆರಡರ ನಡುವಿನ ಪಂದ್ಯ ಗೆದ್ದವರು ಮೇಲೆ. ಮೂರು ತಂಡ ಸಮವಾದರೆ ಒಟ್ಟು ಸ್ಕೋರಿನ ಅಂತರ ನೋಡುತ್ತಾರೆ. ಹದಿನೈದು ಪಾಯಿಂಟ್ ಹಿಂದಿರುವ ತಂಡ ಕೊನೆಯ ಐದು ನಿಮಿಷದಲ್ಲೂ ಒಂದೊಂದೇ ಪಾಯಿಂಟಿಗೆ ಬೆವರು ಸುರಿಸುವುದು ಇದಕ್ಕೇ. ಸೋತಾಯಿತಲ್ಲ ಎಂದು ಆಗ ಎದ್ದು ಹೊರಡಬೇಡಿ.

ಸ್ಕೋರ್ ಓದುವುದು ಸುಲಭ. ಬಲೆಯೊಳಗೆ ಹೋದರೆ ಗೋಲ್, ಅದು ಮೂರು ಪಾಯಿಂಟ್. ಅಡ್ಡಪಟ್ಟಿಯ ಮೇಲಿಂದ ಎರಡು ಕಂಬಗಳ ನಡುವೆ ಹೋದರೆ ಒಂದು ಪಾಯಿಂಟ್. 2022ರ ಫೈನಲ್‌ನಲ್ಲಿ ಆಂಟ್ರಿಮ್ 5-22 (5 ಗೋಲ್, 22 ಪಾಯಿಂಟ್), ಕೆರಿ 4-24. ಅಂದರೆ 37ಕ್ಕೆ 36, ಒಂದೇ ಪಾಯಿಂಟಿನ ಗೆಲುವು. ಚೆಂಡು ಎಲ್ಲಿ ಹೋಯಿತೆಂದು ಕಣ್ಣಿಗೆ ಸಿಗದಿದ್ದರೆ ಗೋಲಿನ ಪಕ್ಕ ಬಿಳಿ ಕೋಟು ತೊಟ್ಟು ನಿಂತ ಅಂಪೈರ್‌ಗಳನ್ನು ನೋಡಿ. ಹಸಿರು ಬಾವುಟ ಎತ್ತಿದರೆ ಗೋಲ್, ಬಿಳಿಯದಾದರೆ ಪಾಯಿಂಟ್. ತಂಡಕ್ಕೆ 15 ಜನ, 35 ನಿಮಿಷದ ಎರಡು ಅವಧಿ. ಚೆಂಡು ಕೈಯಲ್ಲಿದ್ದಾಗ ನಾಲ್ಕು ಹೆಜ್ಜೆಗಿಂತ ಹೆಚ್ಚು ಓಡುವಂತಿಲ್ಲ, ನೆಲದ ಮೇಲಿನ ಚೆಂಡನ್ನು ಕೈಯಿಂದ ಎತ್ತುವಂತಿಲ್ಲ. ಕೋಲಿನ ಅಲಗಿನ ಮೇಲೆ ಉರುಳಿಸಿಯೋ, ಒತ್ತಿ ಚಿಮ್ಮಿಸಿಯೋ ಮೇಲೆತ್ತಬೇಕು. ಮಳೆಯಲ್ಲಿ ನೆಂದ ಹುಲ್ಲಿನ ಮೇಲೆ ಮೂರು ಜನ ಒಬ್ಬರ ಮೇಲೊಬ್ಬರು ಬೀಳುತ್ತಿರುವಾಗ ಒಬ್ಬ ಇದನ್ನು ಒಂದೇ ಸಲಕ್ಕೆ ಮಾಡಿ ತಿರುಗಿ ಹೊಡೆಯುವುದನ್ನು ಹತ್ತಿರದಿಂದ ನೋಡಬೇಕು. ಟಿವಿಯಲ್ಲಿ ಅದರ ವೇಗ ತಿಳಿಯುವುದಿಲ್ಲ.

ಇನ್ನು ಬಡ್ತಿ. ಗೆದ್ದ ತಂಡ ಮುಂದಿನ ವರ್ಷ ಮೇಲಿನ ದರ್ಜೆಯ ತಂಡಗಳು ಆಡುವ ಲೆನ್‌ಸ್ಟರ್ ಪ್ರಾಂತ್ಯದ ಚಾಂಪಿಯನ್‌ಶಿಪ್‌ಗೆ ಹೋಗುತ್ತದೆ. ಭೂಪಟ ನೋಡಿ ಗೊಂದಲಪಡಬೇಡಿ, ಕೊನಾಖ್ಟ್‌ನ ಗಾಲ್ವೇ, ಅಲ್ಸ್ಟರ್‌ನ ಆಂಟ್ರಿಮ್ ಕೂಡ ಲೆನ್‌ಸ್ಟರ್‌ನಲ್ಲೇ ಆಡಿವೆ. ತೊಡಕಿರುವುದು ಕೆರಿಗೆ. ಅದು ಮನ್‌ಸ್ಟರ್ ಪ್ರಾಂತ್ಯದ ಕೌಂಟಿ. ಕಪ್ ಗೆದ್ದರೂ ನೇರ ಬಡ್ತಿ ಇಲ್ಲ, ಮನ್‌ಸ್ಟರ್‌ನ ಕೊನೆಯ ತಂಡದೊಂದಿಗೆ ಮತ್ತೊಂದು ಪಂದ್ಯ ಆಡಿ ಗೆಲ್ಲಬೇಕು. ಆ ಕೊನೆಯ ತಂಡವೂ ಹರ್ಲಿಂಗ್‌ನ ಘಟಾನುಘಟಿಯೇ ಆಗಿರುತ್ತದೆ. ಕೆರಿ 2020, 2021, 2022ರಲ್ಲಿ ಸತತ ಮೂರು ಫೈನಲ್ ಸೋತಿತು. ಗೇಲಿಕ್ ಫುಟ್‌ಬಾಲ್‌ನಲ್ಲಿ ಸಾಮ್ರಾಟನಾದ ಕೌಂಟಿಯಲ್ಲಿ ಹರ್ಲಿಂಗ್ ಆಡುವವರಿಗೆ ಈ ನಿಯಮ ನಿಜಕ್ಕೂ ಅನ್ಯಾಯ.

ಇಳಿಯುವುದೂ ಅಷ್ಟೇ ನಿರ್ದಯ. ಆಫಲಿ ನಾಲ್ಕು ಬಾರಿ ಆಲ್-ಐರ್ಲೆಂಡ್ (ಅಂದರೆ ಲಿಯಂ ಮೆಕಾರ್ಥಿ ಕಪ್) ಗೆದ್ದ ಕೌಂಟಿ, ಕೊನೆಯ ಸಲ 1998ರಲ್ಲಿ. 2019ರಲ್ಲಿ ಅದು ಮೆಕ್‌ಡೊನಾದಿಂದಲೂ ಜಾರಿ ಮೂರನೇ ದರ್ಜೆಗೆ ಬಿತ್ತು. 2021ರಲ್ಲಿ ಕ್ರಿಸ್ಟಿ ರಿಂಗ್ ಗೆದ್ದು, 2024ರಲ್ಲಿ ಮೆಕ್‌ಡೊನಾ ಗೆದ್ದು, 2025ರಲ್ಲಿ ಲೆನ್‌ಸ್ಟರ್‌ಗೆ ಮರಳಿತು. ಇಲ್ಲಿ ಆಟಗಾರರನ್ನು ಕೊಂಡು ತರುವಂತಿಲ್ಲ. ಎಲ್ಲರೂ ಸಂಬಳವಿಲ್ಲದ ಹವ್ಯಾಸಿಗಳು, ತಮ್ಮ ಕ್ಲಬ್ ಇರುವ ಕೌಂಟಿಗೇ ಆಡುವವರು. ಬಿದ್ದ ಕೌಂಟಿ ಎದ್ದು ನಿಲ್ಲಬೇಕಾದರೆ ಊರಿನ ಮಕ್ಕಳನ್ನು ಬೆಳೆಸಿಯೇ ನಿಲ್ಲಬೇಕು.

2025ರ ಫೈನಲ್ ಜೂನ್ 8ರಂದು ಡಬ್ಲಿನ್‌ನ ಕ್ರೋಕ್ ಪಾರ್ಕ್‌ನಲ್ಲಿ, ಲೆನ್‌ಸ್ಟರ್ ಫೈನಲ್‌ಗೆ ಮೊದಲು ನಡೆಯಿತು. ಕಿಲ್ಡೇರ್ ಲೀಶನ್ನು ಸೋಲಿಸಿತು. ಹಿಂದಿನ ವರ್ಷವಷ್ಟೇ ಕ್ರಿಸ್ಟಿ ರಿಂಗ್ ಗೆದ್ದು ಮೇಲೆ ಬಂದ ತಂಡ ಅದು. ಇಂಥ ದಿನ ಒಂದೇ ಟಿಕೆಟ್‌ನಲ್ಲಿ ಎರಡು ಪಂದ್ಯ. ಬಹಳ ಜನ ಎರಡನೆಯದಕ್ಕೆ ಮಾತ್ರ ಬರುತ್ತಾರೆ, ನೀವು ಮೊದಲಿನದಕ್ಕೇ ಹೋಗಿ ಕೂತುಬಿಡಿ.

ಆ ವರ್ಷ ಎರಡೂ ಫೈನಲ್ ತಂಡಗಳಿಗೆ ಆರೇ ದಿನದ ನಂತರ ಆಲ್-ಐರ್ಲೆಂಡ್‌ನ ಪ್ರಾಥಮಿಕ ಕ್ವಾರ್ಟರ್ ಫೈನಲ್ ಇತ್ತು. ಎದುರಾಳಿ ಲೆನ್‌ಸ್ಟರ್, ಮನ್‌ಸ್ಟರ್‌ಗಳ ಮೂರನೇ ಸ್ಥಾನದವರು. ಲೀಶ್ ಟಿಪರೇರಿಗೆ, ಕಿಲ್ಡೇರ್ ಡಬ್ಲಿನ್‌ಗೆ ಸೋತವು. ಅದೇ ಟಿಪರೇರಿ ಆ ಬೇಸಿಗೆಯಲ್ಲಿ ಆಲ್-ಐರ್ಲೆಂಡ್ ಗೆದ್ದಿತು. 2018ರಲ್ಲಿ ಕಾರ್ಲೋವನ್ನು ಸೋಲಿಸಿದ ಲಿಮರಿಕ್ ಕೂಡ ಹಾಗೆಯೇ ಚಾಂಪಿಯನ್ ಆಗಿತ್ತು. ಹೀಗೆ ಸಿಗುವ ಅವಕಾಶ ಹೆಚ್ಚಿನ ಸಲ ದೊಡ್ಡ ಸೋಲಿನಲ್ಲಿ ಮುಗಿಯುತ್ತದೆ, ಫೈನಲ್‌ನ ದಣಿವಿನ್ನೂ ಆರಿರುವುದಿಲ್ಲ. ಆದರೆ 2019ರ ಜುಲೈ 7ರಂದು ಪೋರ್ಟ್‌ಲೀಶ್‌ನಲ್ಲಿ, ಒಂದು ವಾರದ ಹಿಂದಷ್ಟೇ ಕಪ್ ಗೆದ್ದಿದ್ದ ಲೀಶ್ 1-22ರಿಂದ ಡಬ್ಲಿನ್‌ನ 0-23 ಅನ್ನು ಮೀರಿತು. 25ಕ್ಕೆ 23! ಎಡ್ಡಿ ಬ್ರೆನನ್ ತರಬೇತಿಯ ಆ ತಂಡದ ಹೆಸರು ಎತ್ತಿದರೆ ಸಾಕು, ಆ ಕೌಂಟಿಯ ಯಾರಾದರೂ ನಿಮ್ಮೊಂದಿಗೆ ಅರ್ಧ ಗಂಟೆ ಮಾತಾಡುತ್ತಾರೆ. ತಂಡಗಳ ಸಂಖ್ಯೆ, ಮುಂದಿನ ಸುತ್ತಿನ ಪ್ರವೇಶ ಇವೆಲ್ಲ ವರ್ಷದಿಂದ ವರ್ಷಕ್ಕೆ ಬದಲಾಗುತ್ತವೆ. ಆದ್ದರಿಂದ ಸೀಸನ್ ಶುರುವಿನಲ್ಲೇ ಜಿಎಎ ಜಾಲತಾಣದ ವೇಳಾಪಟ್ಟಿ ನೋಡಿಕೊಳ್ಳಿ. ಚಳಿಗಾಲದ ನ್ಯಾಷನಲ್ ಲೀಗ್ ಬೇರೆಯೇ ಸ್ಪರ್ಧೆ, ಅಲ್ಲಿನ ಏರಿಳಿತಕ್ಕೂ ಇದಕ್ಕೂ ಸಂಬಂಧವಿಲ್ಲ.

ಟಿಕೆಟ್‌ಗಳನ್ನು ಆನ್‌ಲೈನ್‌ನಲ್ಲಿ ಮುಂಚೆಯೇ ತೆಗೆದುಕೊಳ್ಳಿ, ಗೇಟಿನಲ್ಲಿ ನಗದು ಕೊಟ್ಟು ಒಳಹೋಗುವ ಭರವಸೆ ಬೇಡ. ಟೆರೇಸ್ ಎಂದಿದ್ದರೆ ನಿಂತೇ ನೋಡಬೇಕು, ಪುಟ್ಟ ಮಕ್ಕಳಿದ್ದರೆ ಸ್ಟ್ಯಾಂಡ್ ಟಿಕೆಟ್ ಆರಿಸಿ. ಪೋರ್ಟ್‌ಲೀಶ್, ನ್ಯೂಬ್ರಿಜ್, ಕಾರ್ಲೋಗಳಿಗೆ ಡಬ್ಲಿನ್ ಹ್ಯೂಸ್ಟನ್‌ನಿಂದ, ವೆಸ್ಟ್‌ಮೀತ್‌ನ ಮುಲಿಂಗಾರ್‌ಗೆ ಡಬ್ಲಿನ್ ಕಾನಲಿಯಿಂದ ರೈಲು. ಭಾನುವಾರ ರೈಲು ಕಡಿಮೆ, ವಾಪಸಾತಿಯ ಸಮಯ ಮೊದಲೇ ಗೊತ್ತಿರಲಿ. ಹೋಗಲಾಗದಿದ್ದರೆ ಸ್ಥಳೀಯ ರೇಡಿಯೋ ಹಾಕಿ: ಲೀಶ್, ವೆಸ್ಟ್‌ಮೀತ್, ಆಫಲಿಗೆ ಮಿಡ್‌ಲ್ಯಾಂಡ್ಸ್ 103, ಕಾರ್ಲೋಗೆ ಕೆಸಿಎಲ್‌ಆರ್, ಕೆರಿಗೆ ರೇಡಿಯೋ ಕೆರಿ.

ಎಲ್ಲಕ್ಕಿಂತ ಮುಖ್ಯವಾದದ್ದು ವೀಸಾ. ಡೌನ್ ತನ್ನ ತವರು ಪಂದ್ಯ ಆಡುವ ಬ್ಯಾಲಿಕ್ರಾನ್, ಆಂಟ್ರಿಮ್‌ನ ಬೆಲ್‌ಫಾಸ್ಟ್ ಮೈದಾನ ಎರಡೂ ಉತ್ತರ ಐರ್ಲೆಂಡಿನಲ್ಲಿವೆ, ಅಂದರೆ ಯುನೈಟೆಡ್ ಕಿಂಗ್‌ಡಂನಲ್ಲಿ (ಯುಕೆ). ಭಾರತೀಯ ಪಾಸ್‌ಪೋರ್ಟಿನವರು ಐಆರ್‌ಪಿ (ಐರಿಶ್ ವಾಸದ ಪರವಾನಗಿ) ಕಾರ್ಡ್ ಒಂದನ್ನೇ ಹಿಡಿದು ಅಲ್ಲಿಗೆ ಹೋಗುವಂತಿಲ್ಲ, ಯುಕೆ ವೀಸಾ ಬೇಕು. ರಸ್ತೆಯಲ್ಲಿ ಗಡಿಯ ಗೇಟಿಲ್ಲ, ಬಸ್ಸು ನಿಲ್ಲದೆ ದಾಟುತ್ತದೆ. ಹಾಗೆಂದು ನಿಯಮ ಇಲ್ಲವೆಂದಲ್ಲ. ಬಸ್ಸು, ರೈಲುಗಳಲ್ಲಿ ತಪಾಸಣೆ ನಡೆಯುತ್ತದೆ, ಸಿಕ್ಕಿಬಿದ್ದರೆ ಮುಂದಿನ ವೀಸಾ ಅರ್ಜಿಗಳಿಗೂ ಪೆಟ್ಟು. ಐರಿಶ್ ಪೌರತ್ವ ಪಡೆದವರಿಗೆ ಈ ತೊಂದರೆಯಿಲ್ಲ. ಗುಂಪಿನಲ್ಲಿ ಹೊರಡುವಾಗ ಯಾರ ಬಳಿ ಏನಿದೆ ಎಂದು ಕೇಳಿಯೇ ಟಿಕೆಟ್ ತೆಗೆಯಿರಿ.

ಪಂದ್ಯ ನೋಡಿ ಬಂದ ಮಕ್ಕಳು ಕೋಲು ಕೇಳುವುದು ಖಂಡಿತ. 6ರಿಂದ 13 ವರ್ಷದವರಿಗೆ ಜುಲೈ–ಆಗಸ್ಟ್‌ನಲ್ಲಿ ಜಿಎಎಯ ಬೇಸಿಗೆ ಶಿಬಿರಗಳಾದ ಕೂಲ್ ಕ್ಯಾಂಪ್‌ಗಳಿವೆ. ಆಮೇಲೆ ಹತ್ತಿರದ ಕ್ಲಬ್‌ನಲ್ಲಿ ಹೆಸರು ನೋಂದಾಯಿಸಬಹುದು. ಹೆಲ್ಮೆಟ್ ಮೇಲೆ ಐಎಸ್ 355 ಎಂಬ ಸುರಕ್ಷತಾ ಮಾನದಂಡದ ಗುರುತು ಇರಲೇಬೇಕು, ಮನೆಯಲ್ಲಿರುವ ಕ್ರಿಕೆಟ್ ಹೆಲ್ಮೆಟ್ ನಡೆಯುವುದಿಲ್ಲ. ಕೋಲಿನ ಅಳತೆಯನ್ನು ಅಂಗಡಿಯಲ್ಲಿ ಮಗುವನ್ನು ನಿಲ್ಲಿಸಿಯೇ ನೋಡಿ. ಬೆಳೆಯುವ ವಯಸ್ಸೆಂದು ಉದ್ದದ್ದು ಕೊಂಡರೆ ಮಣಿಕಟ್ಟು ತಿರುಗುವುದಿಲ್ಲ, ಮೊದಲ ತಿಂಗಳಲ್ಲೇ ಮಗು ಬೇಸರಪಟ್ಟು ಬಿಟ್ಟುಬಿಡುತ್ತದೆ.