ಡ್ರಗ್ಸ್ ದಂಧೆಯ ಕುರಿತ ಅಮೆರಿಕನ್ ಟಿವಿ ಸರಣಿ ‘ದಿ ವೈರ್’ನಲ್ಲಿ ನಿಮ್ಮ ನೆಚ್ಚಿನ ಪಾತ್ರದ ಪರ ವಾದಿಸುವುದು ಹೇಗೆ?

ಡ್ರಗ್ಸ್ ಮಾರುವವರನ್ನೇ ದೋಚುವ ಓಮರ್ ಅಂದರೆ ಸಾಕು, ಎಲ್ಲರೂ ತಲೆಯಾಡಿಸುತ್ತಾರೆ. ಅದರಲ್ಲಿ ಮಜಾ ಇಲ್ಲ. ಬೀದಿಯಲ್ಲಿ ಡ್ರಗ್ಸ್ ಮಾರುವ ಹುಡುಗ ಬೋಡಿಯನ್ನು ಆರಿಸಿಕೊಳ್ಳಿ.

ಸುಮ್ನೆ ‘ಸೂಪರ್ ಪಾತ್ರ’ ಅನ್ನಬೇಡಿ, ಒಂದು ದೃಶ್ಯ ಹಿಡಿದುಕೊಳ್ಳಿ. ಮೊದಲ ಸೀಸನ್‌ನಲ್ಲಿ ದಂಧೆಯಲ್ಲಿ ಅವನ ಮೇಲಿನವನಾದ ಡಿಆಂಜೆಲೊ ಚೆಸ್ ಹೇಳಿಕೊಡುತ್ತಾನಲ್ಲ, ರಾಜ ರಾಜನಾಗಿಯೇ ಉಳಿಯುತ್ತಾನೆ, ಕಾಲಾಳುಗಳು ಬೇಗ ಸಾಯುತ್ತವೆ ಅಂತ, ಆಗ ಬೋಡಿ ಒಪ್ಪುವುದೇ ಇಲ್ಲ, ಜಾಣ ಕಾಲಾಳಾದರೆ ಬದುಕುತ್ತದೆ ಅನ್ನುತ್ತಾನೆ. ಅಲ್ಲಿಂದ ನಾಲ್ಕನೇ ಸೀಸನ್‌ವರೆಗೆ ಅವನನ್ನೇ ನೋಡುತ್ತಾ ಹೋಗಿ. ವಾದಕ್ಕೆ ಬೇಕಾದ್ದೆಲ್ಲ ಸಿಗುತ್ತದೆ.

ಎದುರಿನವರು ಸ್ಟ್ರಿಂಗರ್ ಬೆಲ್ ಅಂದರೆ? ಕಾಲೇಜಿನಲ್ಲಿ ಎಕನಾಮಿಕ್ಸ್ ಕಲಿತು ಡ್ರಗ್ಸ್ ದಂಧೆಗೆ ಹಚ್ಚುವವನು, ಅವನ ಪರವೂ ಗಟ್ಟಿ ವಾದವಿದೆ, ಒಪ್ಪಿಕೊಳ್ಳಿ. ಬೋಡಿಯ ಜೊತೆ ಡ್ರಗ್ಸ್ ಮಾರುವ ಹುಡುಗ ವಾಲೇಸ್ ವಿಷಯ ಬಂತೆಂದರೆ ನಾನಂತೂ ಸೋತುಬಿಡುತ್ತೇನೆ.

ಮುಖ್ಯವಾಗಿ, 60 ಎಪಿಸೋಡಲ್ಲಿ ಎಷ್ಟು ನೋಡಿದ್ದೀರಿ ಅಂತ ಮೊದಲೇ ಕೇಳಿ. ಯಾರು ಸಾಯುತ್ತಾರೆ ಅಂತ ಬಾಯಿಬಿಟ್ಟರೆ ಜಗಳ ಗ್ಯಾರಂಟಿ.